ಸೀನಣ್ಣನ ಅಧೋದೃಷ್ಟಿ

ಎದುರು ಬದುರು ಬಾಗಿಲಿನಲ್ಲಿ ಹದಿನಾಲ್ಕು ವರ್ಷ ಬದುಕಿದ ಮನುಷ್ಯ ಲಿಫ್ಟಿನಲ್ಲಿ ಸಿಕ್ಕಾಗ ಗುರುತು ಹಿಡಿಯದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನಗೆ ಸ್ವಲ್ಪ ಹೆಚ್ಚೇ ಬರುತ್ತದೆ. ಮುಲುಂಡಿನ ನಮ್ಮ ಸೊಸೈಟಿಯ ಮೂರನೇ ಮಾಳಿಗೆಯಲ್ಲಿ ನನ್ನದು ಮುನ್ನೂರ ಎರಡು, ಸೀನಣ್ಣನದು ಮುನ್ನೂರ ಮೂರು. ಬೆಳಗ್ಗೆ ಸಿಕ್ಕಾಗ ನಾನು "ನಮಸ್ಕಾರ" ಅಂದರೆ ಆತ ನನ್ನ ಚಪ್ಪಲಿ ನೋಡಿಕೊಂಡು "ನಮಸ್ಕಾರ" ಅನ್ನುತ್ತಿದ್ದ. ಅದೇ ದಿನ ಸಂಜೆ ಸ್ಟೇಷನ್ನಿನ ಹತ್ತಿರ ಎದುರಾದರೆ, ನಾನು ಕಂಬವೋ ಏನೋ ಎಂಬಂತೆ ಪಕ್ಕದಿಂದ ಹಾದು ಹೋಗುತ್ತಿದ್ದ.

ಹೋಟೆಲಿನಲ್ಲಿ ಬಡಿಸುವವನಿಗೆ ಇಷ್ಟು ಗತ್ತೇ ಎಂದು ಮನಸ್ಸಿನಲ್ಲಿ ಹತ್ತಾರು ಸಲ ಬೈದುಕೊಂಡಿದ್ದೇನೆ. ಮನಸ್ಸಿನಲ್ಲಿ ಬೈದದ್ದಕ್ಕೆ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುಟ್ಟು ಬಯಲಾದದ್ದು ಮಾಟುಂಗದಲ್ಲಿ. ಕನ್ನಡ ಸಂಘದ ಮೀಟಿಂಗ್ ಮುಗಿಸಿ, ಹಸಿದು, ಸೀನಣ್ಣ ಕೆಲಸ ಮಾಡುವ ಬಲಮುರಿ ಊಟದ ಮನೆಗೆ ನುಗ್ಗಿದ್ದೆ. ಸ್ಟೇಷನ್ನಿನಿಂದ ಐದು ನಿಮಿಷ, ಮಹಡಿಯ ಮೇಲೆ ಹದಿನೆಂಟು ಟೇಬಲ್ಲು, ಮಧ್ಯಾಹ್ನ ಬಾಳೆ ಎಲೆ ಊಟ. ಸೀನಣ್ಣ ಬಂದು ಎಲೆ ಹಾಕಿದ, ನೀರು ಚಿಮುಕಿಸಿದ, ಉಪ್ಪು ಬಡಿಸಿದ, ಹೋದ. ಮತ್ತೆ ಬಂದ, ಪಲ್ಯ ಬಡಿಸಿದ, ಹೋದ. ಒಂದು ಸಲವೂ ತಲೆ ಎತ್ತಲಿಲ್ಲ. ನಾನು ತಡೆಯಲಾರದೆ, "ಏನಪ್ಪಾ, ಗುರುತೇ ಸಿಗಲಿಲ್ವಾ? ಎದುರುಮನೆಯವನು ನಾನು," ಅಂದೆ.

ಸೀನಣ್ಣ ನನ್ನ ಎಲೆಯನ್ನು ಒಂದು ಕ್ಷಣ ನೋಡಿದ. ಆಮೇಲೆ ಅವನ ದನಿ ಅರಳಿತು.

"ಓ, ನೀವಾ! ನೀವು ಪಲ್ಯ ಮುಟ್ಟದವರಲ್ವಾ? ಮೂರು ವರ್ಷದ ಹಿಂದೆ ಕಿಟಕಿ ಹತ್ರ ಕೂತು ಉಪ್ಪಿನಕಾಯಿ ಎರಡು ಸಲ ಕೇಳಿದ್ರಿ. ನೀವು ನಮ್ಮ ಎದುರುಮನೆಯವರು ಅಂತ ನಂಗೆ ಯಾರೂ ಹೇಳ್ಲೇ ಇಲ್ಲ ಮಾರಾಯ್ರೆ."

ಆ ದಿನದಿಂದ ಲಿಫ್ಟಿನಲ್ಲಿ ಅವನು ನನ್ನನ್ನು ಗುರುತಿಸತೊಡಗಿದ. ಮುಖದಿಂದಲ್ಲ, ಬಲಗೈಯಿಂದ.

ಸೀನಣ್ಣನಿಗೆ ಈಗ ಐವತ್ತೊಂಬತ್ತು. ನನಗಿಂತ ಏಳು ವರ್ಷ ಚಿಕ್ಕವನು, ಆದರೂ ಇಡೀ ಮಾಟುಂಗ ಅಣ್ಣ ಅನ್ನುವುದರಿಂದ ನಾನೂ ಅನ್ನುತ್ತೇನೆ. ಕರಾವಳಿಯ ಹಿರಿಯಡ್ಕದ ಕಡೆಯವನು. ಹದಿನೆಂಟಕ್ಕೆ ಬಲಮುರಿಗೆ ಬಂದ. ಆಗ ಅಲ್ಲಿ ಹಿರಿಯ ಬಡಿಸುವವರು ಐತಾಳರು ಎಂಬೊಬ್ಬರಿದ್ದರು. ಮೊದಲ ದಿನ ಸಾರಿನ ಕೊಳಗ ಕೈಗೆ ಕೊಟ್ಟು ಅವರು ಹೇಳಿದ್ದು ಒಂದೇ ಮಾತು: "ಎಲೆ ನೋಡು. ಮುಖ ನೋಡಬೇಡ."

ಸೀನ ಕಾರಣ ಕೇಳಿದನಂತೆ. ಐತಾಳರು ಕಾರಣ ಕೇಳುವವರನ್ನು ಇಷ್ಟಪಡುವ ಪೈಕಿಯವರಲ್ಲ, ಆದರೆ ಅಂದು ಹೇಳಿದರಂತೆ. ಬಡಿಸುವವ ನಮ್ಮವನಾದರೆ ಕೊನೆ ಪಂಕ್ತಿಯಲ್ಲಿ ಕೂತರೇನು ಎಂದು ಗಾದೆ ಉಂಟಲ್ಲ, ಆ ಗಾದೆ ಬಲಮುರಿಯಲ್ಲಿ ಸುಳ್ಳಾಗಬೇಕು. ಮುಖ ನೋಡಿದರೆ ಇವ ಸೇಟು, ಇವ ಗುಮಾಸ್ತ, ಇವ ನಮ್ಮ ಊರಿನವ ಎಂದು ಕೈ ತಾನಾಗಿ ಹೆಚ್ಚು ಕಮ್ಮಿ ಮಾಡುತ್ತದೆ. ಅದು ಪಂಕ್ತಿಭೇದ. ಇನ್ನೊಂದು, ಹಸಿದವ ಉಣ್ಣುವಾಗ ಅವನ ಮುಖ ಅವನದು. ಅದನ್ನು ನೋಡುವ ಹಕ್ಕು ಹೋಟೆಲಿನವರಿಗೆ ಇಲ್ಲ.

ಆ ವಾರವೇ ಸೀನ ಯಾರದೋ ಮುಖ ನೋಡಲು ಹೋಗಿ ಹುಳಿಯ ಕೊಳಗವನ್ನು ತನ್ನ ಬಲ ಮುಂಗೈ ಮೇಲೆ ಮಗುಚಿಕೊಂಡ. ಮಣಿಕಟ್ಟಿನಿಂದ ಹೆಬ್ಬೆರಳಿನ ಬುಡದವರೆಗೆ ಸುಟ್ಟ ಕಲೆ ಉಳಿಯಿತು, ಈಗಲೂ ಇದೆ. ಐತಾಳರು ಎಣ್ಣೆ ಹಚ್ಚುತ್ತ, "ಇನ್ನು ನಿಂಗೆ ನೆನಪು ಮಾಡುವ ಅಗತ್ಯ ಇಲ್ಲ," ಅಂದರಂತೆ. ಅಗತ್ಯ ಬೀಳಲಿಲ್ಲ. ನಲವತ್ತೊಂದು ವರ್ಷ ಬೀಳಲಿಲ್ಲ.

ಐತಾಳರು ಬಿಟ್ಟುಹೋದ ಇನ್ನೊಂದು ಕಟ್ಟಳೆ ಬಡಿಸುವ ಕ್ರಮ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಚಪಾತಿ. ಚಪಾತಿ ಮುಗಿದ ಮೇಲೆ ಅನ್ನ. ನಾನು ಹಾಸನದ ಕಡೆಯವನು, ಚಪಾತಿ ಎಂದರೆ ನನಗೆ ಊಟಕ್ಕೆ ಮುಂಚಿನ ಅಡಚಣೆ. ಒಮ್ಮೆ "ನನಗೆ ಸೀದಾ ಅನ್ನ ಹಾಕಪ್ಪ," ಅಂದೆ. "ಕ್ರಮ ಉಂಟಲ್ಲ," ಅಂದ. "ನಾನು ನಿನ್ನ ಎದುರುಮನೆಯವನು ಕಣಯ್ಯಾ," ಅಂದೆ. "ಅದಕ್ಕೇ," ಅಂದ. ಚಪಾತಿ ತಿಂದೆ.

ಕೊಳಗ ಹಿಡಿದು ನಲವತ್ತೊಂದು ವರ್ಷ ಕೆಳಗೆ ನೋಡಿದ್ದಕ್ಕೆ ಕತ್ತು ಕೈಕೊಟ್ಟಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಕೆಳಗೆ ನೋಡೋದು ಬಂದ್ ಮಾಡಿ," ಅಂದರು. ಸೀನಣ್ಣ ಅವರ ಮೇಜನ್ನು ನೋಡಿಕೊಂಡು ಆಯಿತು ಅಂದ. ಅವನ ಹೆಂಡತಿ ವಾರಿಜಾ ಮರುದಿನವೇ ಅವನನ್ನು ನಮ್ಮ ಸೊಸೈಟಿಯ ಗಾರ್ಡನ್ನಿನ ಯೋಗ ಕ್ಲಾಸಿಗೆ ಸೇರಿಸಿದಳು. ನಾನು ಅಲ್ಲಿ ಮೊದಲೇ ಇದ್ದೆ. ಮೊಣಕಾಲು ನೋವು.

ಕ್ಲಾಸು ನಡೆಸುವವಳು ಪ್ರಣೀತಾ, ಬಿ ವಿಂಗಿನ ಮಂಗಳೂರಿನವರ ಮಗಳು, ಇಪ್ಪತ್ತಾರು ವರ್ಷ. ಅವಳ ಕನ್ನಡ ಎರಡು ಹೆಜ್ಜೆ ಹೋಗಿ ನಿಲ್ಲುತ್ತದೆ, ಆಮೇಲೆ ಹಿಂದಿ ಬಂದು ಕೈಹಿಡಿದು ರಸ್ತೆ ದಾಟಿಸುತ್ತದೆ. ಮೊದಲ ವಾರ ಅವಳು ಸೀನಣ್ಣನ ಕತ್ತು ನೋಡಿ ಗಾಬರಿಯಾದಳು. ಎರಡನೇ ವಾರ ಅಧೋದೃಷ್ಟಿಯ ಪಾಠ ಬಂತು.

"ಇವತ್ತು ಅಧೋದೃಷ್ಟಿ. ಅಧಃ ಮೀನ್ಸ್ ಕೆಳಗೆ. ದೃಷ್ಟಿ ನಿಮಗೆ ಗೊತ್ತು. ಬೆನ್ನು ಸೀದಾ, ಕತ್ತು ಸೀದಾ, ಓನ್ಲೀ ಕಣ್ಣು ಕೆಳಗೆ. ಕಣ್ಣು ಫುಲ್ ಕ್ಲೋಸ್ ಇಲ್ಲ, ಫುಲ್ ಓಪನ್ ಇಲ್ಲ. ಐದು ಮಿನಿಟ್."

ಹದಿನಾರು ಜನ ಕೂತೆವು. ಒಂದು ನಿಮಿಷಕ್ಕೆ ನಾನು ಪಕ್ಕದವರ ಚಾಪೆ ನೋಡಿದೆ. ಎರಡು ನಿಮಿಷಕ್ಕೆ ನಾಲ್ಕು ಜನ ಗಡಿಯಾರ ನೋಡಿದರು. ಸೊಸೈಟಿಯ ಸೆಕ್ರೆಟರಿ ತಪ್ಪು ಜಾಗದಲ್ಲಿ ಪಾರ್ಕ್ ಆದ ಸ್ಕೂಟರು ನೋಡಿ ಎದ್ದೇ ಹೋದರು. ಐದು ನಿಮಿಷ ಕದಲದೆ ಕೂತವನು ಸೀನಣ್ಣ ಒಬ್ಬನೇ. ಪ್ರಣೀತಾ ಅವನ ಎದುರು ಮಂಡಿಯೂರಿ ಕೂತು, ಅಷ್ಟು ಹತ್ತಿರದಿಂದ ಕೈ ಆಡಿಸಿದರೂ ರೆಪ್ಪೆ ಮಿಟುಕಲಿಲ್ಲ.

"ಅಂಕಲ್, ನೀವು ಯಾರ ಹತ್ರ ಕಲ್ತಿದ್ದು?"

"ಐತಾಳ್ರ ಹತ್ರ," ಅಂದ ಸೀನಣ್ಣ.

ಅವಳು ಅದು ಯಾವುದೋ ಆಶ್ರಮ ಎಂದುಕೊಂಡಳು. ನಾನು ತಿದ್ದಲು ಹೋಗಲಿಲ್ಲ. ನನ್ನ ತಕರಾರು ಬೇರೆ ಇತ್ತು.

"ನೋಡಮ್ಮ, ನಮ್ಮ ಕಡೆ ತಪ್ಪು ಮಾಡಿದವರು ಕೆಳಗೆ ನೋಡ್ತಾರೆ. ಮೇಷ್ಟ್ರ ಎದುರು ಉತ್ತರ ಬರದವರು ಕೆಳಗೆ ನೋಡ್ತಾರೆ. ಇದರಲ್ಲಿ ಯೋಗ ಎಲ್ಲಿಂದ ಬಂತು?"

ಪ್ರಣೀತಾ ಯೋಚಿಸಿದಳು. "ಅಂಕಲ್, ಅದು ಶೇಮ್. ಇದು ಶೇಮ್ ಅಲ್ಲ. ಇದರಲ್ಲಿ ನಾವು ಯಾವುದನ್ನೂ ಕಣ್ಣಿಂದ ಹಿಡ್ಕೊಳ್ಳೋದಿಲ್ಲ. ಎದುರು ಏನಿದೆ, ಗೊತ್ತಾಗುತ್ತೆ. ಬಟ್ ಅದನ್ನ... ಕ್ಯಾ ಬೋಲ್ತೇ ಹೈ..."

"ಅದರ ಪಾಡಿಗೆ ಬಿಡುದು," ಅಂದ ಸೀನಣ್ಣ, ಹುಲ್ಲು ನೋಡುತ್ತ.

"ಎಕ್ಸಾಕ್ಟ್ಲಿ!" ಅಂದಳು ಪ್ರಣೀತಾ. ನಾನು ಮೂವತ್ತಾರು ವರ್ಷ ಇನ್ಶೂರೆನ್ಸ್ ಕಚೇರಿಯಲ್ಲಿ ಜನರ ಅರ್ಜಿ ತಿದ್ದಿದವನು, ಅಂದು ನನ್ನನ್ನು ತಿದ್ದಿದ ಹಾಗಾಯಿತು. ಮೊಣಕಾಲು ನೀವಿಕೊಂಡೆ.

ಅದೇ ವಾರ ಬಲಮುರಿಗೆ ಹೊಸ ಕಾಲ ಬಂತು. ಹಳೆಯ ಧಣಿಗಳ ಮೊಮ್ಮಗ ಸೃಜನ್ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದು ಗಲ್ಲಾದಲ್ಲಿ ಕೂತ. ಒಳ್ಳೆಯ ಹುಡುಗ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನ ಮೇಲೆ ನಿಮಗೆ ಸಿಟ್ಟು ಬರಬಹುದು. ಫೋನಿನಲ್ಲಿ ಜನ ಬರೆಯುವ ಅಭಿಪ್ರಾಯಗಳನ್ನು ಅವನು ಒಂದೊಂದಾಗಿ ಓದಿದ. ಊಟ ಬಹಳ ಚೆನ್ನಾಗಿದೆ, ಬಡಿಸುವವರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ, ಎಂದು ಎಷ್ಟೋ ಜನ ಬರೆದಿದ್ದರು. ಅದು ಸುಳ್ಳೇನಲ್ಲ. ನಾನೇ ಮನಸ್ಸಿನಲ್ಲಿ ಹದಿನಾಲ್ಕು ವರ್ಷ ಅದನ್ನೇ ಬರೆದಿದ್ದೆನಲ್ಲ.

ಸೃಜನ್ ಎಲ್ಲ ಬಡಿಸುವವರನ್ನೂ ನಿಲ್ಲಿಸಿ ಮೂರು ನಿಯಮ ಹೇಳಿದ. ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ನಗಬೇಕು. ಊಟದ ನಡುವೆ ಒಮ್ಮೆ, "ಹೌ ಇಸ್ ದ ಫುಡ್?" ಎಂದು ಕೇಳಬೇಕು. ಎರಡು ವಾರ ಟೈಮು. ಆಗದವರಿಗೆ ಕೆಳಗೆ ಪಾರ್ಸೆಲ್ ಕೌಂಟರು.

"ಪಾರ್ಸೆಲ್ ಅಂದ್ರೆ ಎಂಥ ಗೊತ್ತುಂಟಾ?" ಸೀನಣ್ಣ ಅಂದು ಗಾರ್ಡನ್ನಿನ ಬೆಂಚಿನ ಮೇಲೆ ನನಗೆ ಹೇಳಿದ. "ಪ್ಲಾಸ್ಟಿಕ್ ಡಬ್ಬಿಗೆ ಬಡಿಸುದು. ಡಬ್ಬಿ ಬೇಕು ಅಂತ ಹೇಳುದಿಲ್ಲ, ಸಾಕು ಅಂತ ಹೇಳುದಿಲ್ಲ. ಉಂಡ್ರಾ, ಬಿಟ್ರಾ, ಎಂಥದ್ದೂ ಗೊತ್ತಾಗುದಿಲ್ಲ. ನಂಗೆ ಬೇರೆ ಎಂತ ವಿದ್ಯೆ ಬರ್ತದೆ ಹೇಳಿ? ನಂಗೆ ಎಲೆ ಓದ್ಲಿಕ್ಕೆ ಮಾತ್ರ ಬರುದು." ನಲವತ್ತೊಂದು ವರ್ಷದ ಜಾಗ ತಪ್ಪಿಹೋಗುತ್ತದೆ ಎಂದು ಮನುಷ್ಯ ನಿಜವಾಗಿ ಹೆದರಿದ್ದ.

ಹೀಗೆ ಸೀನಣ್ಣ ಮುಖ ನೋಡುವ ಅಭ್ಯಾಸ ಶುರುಮಾಡಿದ. ಡಾಕ್ಟರು ಮೇಲೆ ನೋಡು ಅಂದಿದ್ದರು, ಧಣಿ ಮೇಲೆ ನೋಡು ಅಂದಿದ್ದ, ಕೆಳಗೆ ನೋಡು ಅನ್ನುವವಳು ಯೋಗದ ಪ್ರಣೀತಾ ಒಬ್ಬಳೇ, ಅದೂ ಬೆಳಗ್ಗೆ ಐದು ನಿಮಿಷ. ಮೊದಲ ಪ್ರಯೋಗ ವಾರಿಜಾಳ ಮೇಲೆ. ಒಲೆಯ ಹತ್ತಿರ ನಿಂತಿದ್ದ ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿ ನಕ್ಕ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೀಗೆ ಆದದ್ದು ಮೊದಲು.

"ಎಂಥ ಆಯ್ತು ನಿಮ್ಗೆ? ಎದೆ ನೋವಾ?" ಅಂದಳು ವಾರಿಜಾ.

"ನೀನು ಕನ್ನಡಕ ಯಾವಾಗ ಹಾಕಿದ್ದು?"

"ಐದು ವರ್ಷ ಆಯ್ತು. ಹೋಗಿ ಸ್ನಾನ ಮಾಡಿ."

ಎರಡನೇ ಪ್ರಯೋಗ ಲೋಕಲಿನಲ್ಲಿ. ಬೆಳಗಿನ ಗಾಡಿಯಲ್ಲಿ ಎದುರು ನಿಂತವರ ಮುಖವನ್ನು ಒಂದೊಂದಾಗಿ ನೋಡಿ ನಗುತ್ತ ಬಂದ. ಕುರ್ಲಾ ಬರುವಷ್ಟರಲ್ಲಿ ಒಬ್ಬ, "ಕ್ಯಾ ದೇಖ್ ರಹಾ ಹೈ ರೇ?" ಅಂದ. ಸೀನಣ್ಣ ಗಾಬರಿಯಲ್ಲಿ, "ಹೌ ಇಸ್ ದ ಫುಡ್?" ಅಂದುಬಿಟ್ಟ. ಆ ಮನುಷ್ಯ ಇಳಿದು ಬೇರೆ ಡಬ್ಬಕ್ಕೆ ಹೋದ. ಜಾಗವಾದದ್ದು ಪಕ್ಕದವರಿಗೆ ಅನುಕೂಲವಾಯಿತು.

ಹತ್ತು ದಿನದಲ್ಲಿ ಸೀನಣ್ಣ ಪಳಗಿದ. ಮುಖ ನೋಡುತ್ತಿದ್ದ, ನಗುತ್ತಿದ್ದ, ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ಎರಡು ಸಲ ಪಾಯಸದ ಮೇಲೆ ಸಾರು ಬಿದ್ದದ್ದು ಬಿಟ್ಟರೆ ಬೇರೆ ಅನಾಹುತ ಆಗಲಿಲ್ಲ. ಸೃಜನ್ ಕೂಡ, "ಗುಡ್, ಸೀನಣ್ಣ," ಅಂದಿದ್ದನಂತೆ. ಜಾಗ ಉಳಿಯಿತು ಎಂದು ವಾರಿಜಾ ನಮ್ಮ ಮನೆಗೆ ಗೋಳಿಬಜೆ ಕಳಿಸಿದಳು.

ಈಗ ಮೂಲೆ ಟೇಬಲ್ಲಿನ ವಿಷಯ ಹೇಳಬೇಕು. ಹತ್ತೊಂಬತ್ತು ವರ್ಷದಿಂದ ಪ್ರತಿ ಬುಧವಾರ ಒಂದು ಗಂಟೆಗೆ ಆ ಟೇಬಲ್ಲಿಗೆ ಎರಡು ಎಲೆ ಬೀಳುತ್ತಿದ್ದವು. ಗಂಡ, ಹೆಂಡತಿ. ಉತ್ತರ ಕರ್ನಾಟಕದವರು, ಮಾತಿನಿಂದ ಗೊತ್ತು. ಗಂಡನ ಹೆಸರು ಅಣವೀರಪ್ಪ, ಹೆಂಡತಿಯ ಹೆಸರು ಕಸ್ತೂರಿಬಾಯಿ, ಅವರು ಪರಸ್ಪರ ಕರೆದದ್ದರಿಂದ ಅಲ್ಲ, ಗಲ್ಲಾದಲ್ಲಿ ಯಾರೋ ಮಾತಾಡಿಸಿದ್ದರಿಂದ ಗೊತ್ತು. ಸೀನಣ್ಣ ಇಬ್ಬರ ಮುಖವನ್ನೂ ನೋಡಿದವನಲ್ಲ. ಆದರೆ ಅವರ ಸಂಸಾರ ಪೂರಾ ನೋಡಿದ್ದ. ಗಂಡ ಬದನೆಕಾಯಿಯನ್ನು ಎಲೆಯ ಅಂಚಿಗೆ ತಳ್ಳುತ್ತಿದ್ದರು, ಹೆಂಡತಿಯ ಕೈ ಬಂದು ಅದನ್ನು ಎತ್ತಿಕೊಳ್ಳುತ್ತಿತ್ತು. ಹೆಂಡತಿಯ ಹಪ್ಪಳದಲ್ಲಿ ಅರ್ಧ ಗಂಡನದು. ಕೊನೆಯ ಎರಡು ವರ್ಷ ಗಂಡನ ಎಲೆಯ ಮೇಲಿನ ಪಾಯಸದ ಬಟ್ಟಲನ್ನು ಹೆಂಡತಿಯ ಕೈ ಸದ್ದಿಲ್ಲದೆ ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ಸಕ್ಕರೆ ಕಾಯಿಲೆ ಎಂದು ಸೀನಣ್ಣನಿಗೆ ಅವರ ಮನೆಯ ಉಳಿದವರಿಗಿಂತ ಮೊದಲೇ ತಿಳಿದಿರಬೇಕು.

ಸೃಜನ್ ಬರುವುದಕ್ಕೆ ಎರಡು ತಿಂಗಳ ಹಿಂದೆ, ಒಂದು ಬುಧವಾರ ಸೀನಣ್ಣ ಅಭ್ಯಾಸದಂತೆ ಎರಡು ಎಲೆ ಹಾಕಿದ. ಕಸ್ತೂರಿಬಾಯಿಯವರ ಕೈ ಎದುರಿನ ಎಲೆಯನ್ನು ಮೆಲ್ಲಗೆ ಅವನ ಕಡೆ ಸರಿಸಿತು. "ಒಂದ ಸಾಕ್ರೀ."

ಹಾಕಿದ ಎಲೆಯನ್ನು ಊಟವಿಲ್ಲದೆ ಎತ್ತುವುದು ಬಡಿಸುವವರ ಕಸುಬಿನಲ್ಲಿ ಇಲ್ಲ. ಎತ್ತಿದ. ಅವರ ಕೈಯಲ್ಲಿ ಈಗ ಹಸಿರು ಬಳೆ ಇರಲಿಲ್ಲ. ಮುಖ ನೋಡಲಿಲ್ಲ, ಏನೂ ಕೇಳಲಿಲ್ಲ. ಅಂದಿನಿಂದ ಅವರು ಒಬ್ಬರೇ ಬರುತ್ತಿದ್ದರು. ಊಟದ ನಡುವೆ ಆ ಕೈ ಒಂದೆರಡು ಸಲ ನಿಂತುಬಿಡುತ್ತಿತ್ತು, ತುತ್ತು ಕಲಸಿದ್ದು ಕಲಸಿದ ಹಾಗೇ. ಕೈ ನಿಂತಾಗ ಸೀನಣ್ಣ ಆ ಕಡೆ ಸುಳಿಯುತ್ತಿರಲಿಲ್ಲ. ಮತ್ತೆ ಆಡತೊಡಗಿದಾಗ ಸಾರು ಹಿಡಿದು ಹೋಗುತ್ತಿದ್ದ. ಊಟ ಮುಗಿದ ಮೇಲೆ ಅವರು, ತೃಪ್ತಿಯಾಯಿತು ಎಂಬ ಗುರುತಿಗೆ, ಎಲೆಯನ್ನು ತಮ್ಮ ಕಡೆಗೆ ಮಡಚಿ ಏಳುತ್ತಿದ್ದರು. ಅಷ್ಟಾದರೆ ಅವನಿಗೆ ಆ ದಿನ ಸಾರ್ಥಕವಾದ ಹಾಗೆ.

ಎರಡು ವಾರದ ಗಡುವು ಮುಗಿಯುವ ದಿನ ಬುಧವಾರವಾಗಿತ್ತು. ಅಲ್ಲಿಯವರೆಗೆ ಆ ಮೂಲೆಗೆ ಮಾತ್ರ ಸೀನಣ್ಣ ತಲೆ ತಗ್ಗಿಸಿಯೇ ಬಡಿಸಿದ್ದ. ಸೃಜನ್ ಮಹಡಿಗೆ ಬಂದು ಕೈಕಟ್ಟಿ ನಿಂತಿದ್ದ. ಕಸ್ತೂರಿಬಾಯಿ ಮೂಲೆಯಲ್ಲಿ ಕೂತಿದ್ದರು. ಕೈ ನಿಂತಿತ್ತು. ಸೀನಣ್ಣನಿಗೆ ಅದು ಕಂಡಿತ್ತು. ಆದರೆ ಸೃಜನ್ ನೋಡುತ್ತಿದ್ದ, ಕಿವಿಯಲ್ಲಿ ಪಾರ್ಸೆಲ್ ಎಂಬ ಶಬ್ದ ಇತ್ತು. ಅವನು ಟೇಬಲ್ಲಿನ ಹತ್ತಿರ ಹೋಗಿ ತಲೆ ಎತ್ತಿದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಮುಖ ನೋಡಿದ. ಆ ಮುಖ ಅಳುತ್ತಿತ್ತು. ಅಳುವ ಮುಖಕ್ಕೆ ಸೀನಣ್ಣ, ಕಲಿತ ಪ್ರಕಾರ, ಹಲ್ಲು ಕಾಣುವಂತೆ ನಕ್ಕು, "ಹೌ ಇಸ್ ದ ಫುಡ್, ಮೇಡಂ?" ಅಂದ.

ಕಸ್ತೂರಿಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದು ಹೋದರು. ಎಲೆ ಮಡಚಲಿಲ್ಲ.

ಮುಂದಿನ ಬುಧವಾರ ಅವರು ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ. ಸೀನಣ್ಣ ಇದನ್ನೆಲ್ಲ ನನಗೆ ಹೇಳಿದ್ದು ಗಾರ್ಡನ್ನಿನಲ್ಲಿ, ಯೋಗ ಮುಗಿದು ಎಲ್ಲರೂ ಚಾಪೆ ಸುತ್ತುವಾಗ. ಹೇಳುತ್ತ ಅತ್ತ. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಅವನ ಮುಖವನ್ನೇ ನೋಡಿದೆ.

"ಒಬ್ರು ಬಚ್ಚಲಲ್ಲಿ ಇರುವಾಗ ಬಾಗಿಲು ದೂಡಿದ ಹಾಗಾಯ್ತು ಮಾರಾಯ್ರೆ," ಅಂದ. "ಐತಾಳ್ರು ಹೇಳಿದ್ರು ನಂಗೆ. ಮೊದಲ ದಿನವೇ ಹೇಳಿದ್ರು. ಆ ಹೆಂಗ್ಸಿಗೆ ಅಳ್ಲಿಕ್ಕೆ ಇದ್ದದ್ದು ಅಷ್ಟೇ ಜಾಗ. ಅದನ್ನು ನಾನು ತೆಗೆದೆ. ನನ್ನ ಜಾಗ ಉಳಿಸ್ಲಿಕ್ಕೆ ಅವರದ್ದು ತೆಗೆದೆ."

"ನಿನ್ನ ತಪ್ಪೇನಪ್ಪಾ, ಧಣಿ ಹೇಳಿದ್ದು," ಅಂದೆ.

"ಧಣಿಗೆ ಕೈ ನಿಂತದ್ದು ಕಾಣುದಿಲ್ಲ. ನಂಗೆ ಕಂಡಿತ್ತು," ಅಂದ.

ಅಂದೇ ಹೋಗಿ ಸೃಜನ್‌ಗೆ, ಮುಖ ನೋಡಿ ಬಡಿಸುವುದು ತನ್ನಿಂದ ಆಗುವುದಿಲ್ಲ, ಪಾರ್ಸೆಲ್ಲಿಗೆ ಹಾಕಿ ಎಂದು ತಾನಾಗಿ ಹೇಳಿದ. ಸೃಜನ್‌ಗೆ ಅರ್ಥವಾಗಲಿಲ್ಲ. "ನೀವು ಪಾಸ್ ಆಗಿದ್ದೀರಲ್ಲ ಸೀನಣ್ಣ," ಅಂದನಂತೆ. ಪಾಸಾದದ್ದೇ ತಪ್ಪಾಯಿತು ಎಂದುಕೊಂಡು ಸೀನಣ್ಣ ಸಾರಿನ ಕೊಳಗ ಕೆಳಗಿಟ್ಟ. ಕೆಳಗಿನ ಕೌಂಟರಿನಲ್ಲಿ ತಲೆಗೆ ಟೊಪ್ಪಿ, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಹಾಕಿಕೊಂಡು ಡಬ್ಬಿಗೆ ಅನ್ನ ತುಂಬುತ್ತ ನಿಂತ. ವಾರಿಜಾ ನಮ್ಮ ಮನೆಗೆ ಏನೂ ಕಳಿಸಲಿಲ್ಲ.

ಮೂರನೇ ಬುಧವಾರ ನಾನು ಮಾಟುಂಗಕ್ಕೆ ಹೋದೆ. ಸಂಘದ ಕೆಲಸವಿತ್ತು ಎಂದು ಮನೆಯಲ್ಲಿ ಹೇಳಿದೆ. ಸಂಘದ ಬಾಗಿಲು ಬುಧವಾರ ತೆರೆಯುವುದೇ ಇಲ್ಲ. ಗ್ಲೌಸು ಹಾಕಿದ ಸೀನಣ್ಣನಿಗೆ ಕೈ ಎತ್ತಿ, ಮಹಡಿ ಹತ್ತಿ, ಮೂಲೆ ಟೇಬಲ್ಲಿನ ಪಕ್ಕದಲ್ಲಿ ಕೂತೆ.

ಒಂದು ಗಂಟೆಗೆ ಕಸ್ತೂರಿಬಾಯಿ ಬಂದರು. ಬಿಳಿಯ ಮೇಲೆ ನೀಲಿ ಅಂಚಿನ ಸೀರೆ, ಎಪ್ಪತ್ತರ ಹತ್ತಿರದ ಹೆಂಗಸು. ಮೂಲೆಯಲ್ಲಿ ಕೂತರು. ತಿಲಕ್ ಎಂಬ ಹೊಸ ಬಡಿಸುವವನು, ಮಾಲ್‌ಗಳಲ್ಲಿ ಹತ್ತು ವರ್ಷ ಕೆಲಸ ಮಾಡಿ ಬಂದವನು, ಎಲೆಯೊಂದಿಗೆ ಬಂದು ಅವರ ಕಣ್ಣಲ್ಲಿ ಕಣ್ಣಿಟ್ಟು, "ಗುಡ್ ಆಫ್ಟರ್‌ನೂನ್ ಮ್ಯಾಮ್," ಎಂದು ನಕ್ಕ. ಅವರು ಅವನ ಕೈಯನ್ನು ನೋಡಿದರು. ಎದ್ದರು. ಮೆಟ್ಟಿಲಿಳಿದು ಹೊರಟರು. ನಾನೂ ಹಿಂದೆ ಇಳಿದೆ. ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸುವುದು ನನ್ನ ಹಳೆಯ ಕಸುಬು.

ಕೆಳಗೆ ಗಲ್ಲಾದಲ್ಲಿ ಸೃಜನ್, ಅದರ ಪಕ್ಕದಲ್ಲೇ ಪಾರ್ಸೆಲ್ ಕೌಂಟರು. ಕಸ್ತೂರಿಬಾಯಿ ಸೀನಣ್ಣನ ಎದುರೇ ಹಾದುಹೋಗಿ ಸೃಜನ್‌ನ ಮುಂದೆ ನಿಂತರು. ಅವರಿಗೆ ಸೀನಣ್ಣನ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಹತ್ತೊಂಬತ್ತು ವರ್ಷ ಅವರೂ ತಮ್ಮ ಎಲೆ ನೋಡಿಕೊಂಡೇ ಉಂಡವರು.

"ತಮ್ಮಾ, ಸುಟ್ಟ ಕಲಿ ಇರೋ ಕೈ ಅವರು ಇವತ್ತ ಬಂದಿಲ್ಲೇನು?"

ಸೃಜನ್‌ಗೆ ತಿಳಿಯಲಿಲ್ಲ. "ಯಾರು ಆಂಟಿ?"

"ಬಡಿಸವ್ರು. ಬಲಗೈಮ್ಯಾಲೆ ಕಲಿ ಐತಿ. ಹೆಸರು ನನಗ ಗೊತ್ತಿಲ್ಲ, ಮುಖಾನೂ ಸರೀ ನೋಡಿಲ್ಲ. ಹ್ವಾದ ಸಲ ಅವರು ಏನೋ ಕೇಳಿದ್ರು, ನಾ ಎದ್ದ ಹೋದೆ. ಅವರಿಗೆ ಕೆಟ್ಟ ಅನಿಸಿರಬೇಕು." ಸೆರಗು ಸರಿಮಾಡಿಕೊಂಡರು. "ನಮ್ಮ ಮನ್ಯಾಗ ಎಲ್ಲಾರೂ ಛಲೋ ಅದಾರಪ್ಪಾ. ಮಗಾ, ಸೊಸಿ, ಮೊಮ್ಮಕ್ಳು. ನಮ್ಮನಿಯವ್ರು ಹ್ವಾದಾಗಿಂದ ದಿನಾ ನನ್ನ ಮುಖಾನ ನೋಡತಾರ. ಅತ್ತಾಳೇನು, ಉಂಡಾಳೇನು ಅಂತ. ಎರಡು ಖೋಲಿ ಮನಿ, ಎಲ್ಲಿ ಹೋಗಲಿ? ಇಲ್ಲೆ ಯಾರೂ ನೋಡಂಗಿಲ್ಲ ಅಂತ ಬರತಿದ್ದೆ."

ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿ ಈ ಪಾಠ ಇದ್ದ ಹಾಗೆ ಕಾಣಲಿಲ್ಲ.

ಕೌಂಟರಿನಲ್ಲಿ ಸೀನಣ್ಣ ಅರ್ಧ ತುಂಬಿದ ಡಬ್ಬಿಯನ್ನು ಕೆಳಗಿಟ್ಟ. ಬಲಗೈಯ ಗ್ಲೌಸು ಎಳೆದು ತೆಗೆದ. ಕೈಯನ್ನು ಕೌಂಟರಿನ ಮೇಲೆ ಅಂಗೈ ಕೆಳಗಾಗಿ ಇಟ್ಟ. ಕಸ್ತೂರಿಬಾಯಿ ತಿರುಗಿದರು, ಆ ಕೈಯನ್ನು ನೋಡಿದರು. ಟೊಪ್ಪಿಯ ಕಡೆಗಾಗಲಿ ಮಾಸ್ಕಿನ ಕಡೆಗಾಗಲಿ ಕಣ್ಣು ಎತ್ತಲಿಲ್ಲ. ಮತ್ತೆ ಮೆಟ್ಟಿಲು ಹತ್ತಿದರು.

"ಹೋಗಿ ಸೀನಣ್ಣ," ಅಂದ ಸೃಜನ್. ಆಮೇಲೆ, "ನಾನು ಇಲ್ಲೇ ಇರ್ತೇನೆ, ಮೇಲೆ ಬರುದಿಲ್ಲ," ಅಂದ. ಒಳ್ಳೆಯ ಹುಡುಗ ಎಂದು ಮೊದಲೇ ಹೇಳಿದ್ದೇನೆ.

ನಾನು ಓಡಿ ಹೋಗಿ ನನ್ನ ಜಾಗದಲ್ಲಿ ಕೂತೆ, ಮೊಣಕಾಲು ಮರೆತು. ಸೀನಣ್ಣ ಟೊಪ್ಪಿ ಮಾಸ್ಕು ಎಲ್ಲ ತೆಗೆದು, ಕೈತೊಳೆದು ಬಂದ. ಬೆನ್ನು ಸೀದಾ, ಕತ್ತು ಸೀದಾ, ಕಣ್ಣು ಮಾತ್ರ ಕೆಳಗೆ. ಪ್ರಣೀತಾ ನೋಡಿದ್ದರೆ ಖುಷಿಪಡುತ್ತಿದ್ದಳು. ಮೂಲೆ ಟೇಬಲ್ಲಿಗೆ ಒಂದು ಎಲೆ ಹಾಕಿದ, ನನಗೊಂದು ಹಾಕಿದ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಬದನೆಕಾಯಿ ಪಲ್ಯ ಬಂತು. ಕಸ್ತೂರಿಬಾಯಿಯವರ ಕೈ ಪಲ್ಯದ ಹತ್ತಿರ ಹೋಗಿ ನಿಂತಿತು.

ನಾನು ನೋಡಬಾರದಿತ್ತು, ನೋಡುತ್ತಿದ್ದೆ. ಎಲೆಯ ನಡುವೆ, ಖಾಲಿ ಜಾಗದಲ್ಲಿ, ಟಪ್ಪೆಂದು ಒಂದು ಹನಿ ಬಿತ್ತು. ಬಾಳೆ ಎಲೆಯ ಮೇಲೆ ಹನಿ ಇಂಗುವುದಿಲ್ಲ, ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ಕೂತಿತು.

ಚಪಾತಿಯ ತಟ್ಟೆ ಹಿಡಿದು ಬರುತ್ತಿದ್ದ ಸೀನಣ್ಣ ಅರ್ಧದಲ್ಲಿ ನಿಂತ. ತಟ್ಟೆಯನ್ನು ಪಕ್ಕಕ್ಕಿಟ್ಟು ಅನ್ನದ ಪಾತ್ರೆ ತಂದ. ಬೇಕೇ ಎಂದು ಕೇಳಲಿಲ್ಲ. ಆ ಹನಿ ಬಿದ್ದ ಜಾಗಕ್ಕೇ, ಹಬೆಯಾಡುವ ಅನ್ನವನ್ನು ಒಂದು ಸಟ್ಟುಗ ಬಡಿಸಿದ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಕ್ರಮ ತಪ್ಪಿಸಿ, ಚಪಾತಿಯ ತಟ್ಟೆ ಎತ್ತಿಕೊಂಡು ಮುಂದಿನ ಎಲೆಗೆ ಬಂದ.

ಮುಂದಿನ ಎಲೆ ನನ್ನದು. ನಾನು ಕಣ್ಣು ಕೆಳಗಿಳಿಸಿದೆ.